ಮಾಸು ಅಡ್ಡವಾಗಿದೆ, ಹಿಂದೊಂದು ಸಿಸೇರಿಯನ್ ಆಗಿದೆ: ಈ ಸಲ ಆಪರೇಷನ್ ಯಾವ ವಾರದಲ್ಲಿ?

ಪ್ರಶ್ನೆ: ನನ್ನ ತಂಗಿಗೆ 27 ವರ್ಷ. ಗಂಡನ ಮನೆ ಸಿಂಧನೂರು. ನಾಲ್ಕು ವರ್ಷದ ಹಿಂದೆ ಮೊದಲ ಮಗು ಸಿಸೇರಿಯನ್ ಆಗಿ ಹುಟ್ಟಿತು. ಈಗ ಎರಡನೇ ಬಸಿರು, 31 ವಾರ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ಮಾಸು ಕೆಳಗಿದೆ ಅಂದಿದ್ದರು. 28ನೇ ವಾರದಲ್ಲಿ ಒಂದು ರಾತ್ರಿ ನೋವೇನೂ ಇಲ್ಲದೆ ರಕ್ತ ಹೋಯಿತು. ಎರಡು ದಿನ ದವಾಖಾನೆಯಲ್ಲಿ ಇಟ್ಟುಕೊಂಡು ಕಳಿಸಿದರು. ಹೋದ ವಾರದ ಸ್ಕ್ಯಾನಿಂಗ್‌ನಲ್ಲಿ ಮಾಸು ಗರ್ಭಕೋಶದ ಬಾಯಿಯನ್ನು ಪೂರ್ತಿ ಮುಚ್ಚಿದೆ, ಮುಂದಿನ ಗೋಡೆಯಲ್ಲಿದೆ ಅಂತ ಬರೆದಿದ್ದಾರೆ. ರಾಯಚೂರಿನ ಡಾಕ್ಟರು 36 ವಾರಕ್ಕೆ ಆಪರೇಷನ್ ಅನ್ನುತ್ತಾರೆ. ಬೇರೆ ಕಡೆ ತೋರಿಸಿದಾಗ 38ರವರೆಗೂ ನೋಡೋಣ ಅಂದರು. ಆಕೆಯ ಅತ್ತೆ, "ಒಂಬತ್ತು ತಿಂಗಳು ತುಂಬಲಿ, ಎಂಟರ ಕೂಸು ಉಳಿಯಂಗಿಲ್ಲ" ಅನ್ನುತ್ತಾರೆ. ನಮ್ಮ ಅವ್ವ ಕುಬಸ ಮುಗಿಸಿ ಲಿಂಗಸುಗೂರು ತಾಲ್ಲೂಕಿನ ನಮ್ಮ ಹಳ್ಳಿಗೆ ಕರೆದುಕೊಂಡು ಬರೋಣ ಅಂತಾಳೆ. ತಂಗಿಯ ಗಂಡ ಒಳ್ಳೆ ಮುಹೂರ್ತ ಕೇಳಿಕೊಂಡು ಬಂದಿದ್ದಾನೆ, ಅದು 38ನೇ ವಾರಕ್ಕೆ ಬೀಳುತ್ತದೆ. ನಾವು ಯಾರ ಮಾತು ಕೇಳಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 38 ವಾರದವರೆಗೆ ಕಾಯುವುದು ಬೇಡ. ಮತ್ತೆ ರಕ್ತ ಹೋಗದಿದ್ದರೆ, ಮಾಸು ಹಳೆ ಹೊಲಿಗೆಗೆ ಅಂಟಿಕೊಂಡಿಲ್ಲ ಅಂತ ಖಾತ್ರಿಯಾದರೆ, 36 ವಾರ ತುಂಬಿದ ನಂತರದ ಏಳು ದಿನಗಳಲ್ಲಿ ಒಂದು ದಿನ ಆಪರೇಷನ್ ಆಗಲಿ. ರಕ್ತ ಮತ್ತೆ ಹೋದರೆ ಇನ್ನೂ ಮುಂಚೆ. ಅಂಟಿಕೊಂಡಿರುವ ಅನುಮಾನ ಬಂದರೆ ತಾರೀಖೂ ಬದಲಾಗುತ್ತದೆ, ಆಸ್ಪತ್ರೆಯೂ ಬದಲಾಗಬಹುದು. ಹಾಗಾಗಿ ಮನೆಯಲ್ಲಿ ಈಗ ನಡೆದಿರುವ ಮಾತನ್ನು ಸ್ವಲ್ಪ ಬೇರೆ ಕಡೆ ತಿರುಗಿಸಿ. ಯಾವ ದಿನ ಅನ್ನುವ ಮೊದಲು ಎರಡು ವಿಷಯ ತೀರ್ಮಾನ ಆಗಬೇಕು. ಒಂದು, ಮಾಸು ಎಷ್ಟು ಆಳಕ್ಕೆ ಇಳಿದಿದೆ. ಇನ್ನೊಂದು, 34ನೇ ವಾರದಿಂದ ನಿಮ್ಮ ತಂಗಿ ರಕ್ತ ಸಿಗುವ ಜಾಗಕ್ಕೆ ಎಷ್ಟು ಹತ್ತಿರ ಇರುತ್ತಾರೆ.

ಅಷ್ಟು ಬೇಗ ಯಾಕೆ ಅನ್ನುವುದು ಮನೆಯವರಿಗೆಲ್ಲ ತಿಳಿಯಬೇಕು. ತಿಳಿಯದಿದ್ದರೆ ಡಾಕ್ಟರು ಹಣಕ್ಕೋಸ್ಕರ ಅವಸರ ಮಾಡುತ್ತಿದ್ದಾರೆ ಅಂತ ಅನಿಸುತ್ತದೆ. ಸಾಮಾನ್ಯವಾಗಿ ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಮೇಲ್ಭಾಗದಲ್ಲಿ ಕೂತಿರುತ್ತದೆ. ಸುಮಾರು 200 ಹೆರಿಗೆಗಳಲ್ಲಿ ಒಂದರಲ್ಲಿ ಅದು ಕೆಳಗೆ, ಮಗು ಹೊರಬರುವ ಬಾಯಿಯ ಮೇಲೇ ಕೂತುಬಿಡುತ್ತದೆ. ಏಳನೇ ತಿಂಗಳಿನ ನಂತರ ಗರ್ಭಕೋಶದ ಕೆಳಭಾಗ ತೆಳುವಾಗುತ್ತ ಹಿಗ್ಗುತ್ತದೆ, ಹೆರಿಗೆಗೆ ಸಿದ್ಧವಾಗುತ್ತದೆ. ಗೋಡೆ ಹಿಗ್ಗುತ್ತದೆ, ಆದರೆ ಮಾಸು ಹಿಗ್ಗುವುದಿಲ್ಲ. ಊದುವ ಬಲೂನಿಗೆ ಅಂಟಿಸಿದ ಕಾಗದ ಅಂಚಿನಲ್ಲಿ ಬಿಟ್ಟುಕೊಳ್ಳುವ ಹಾಗೆ ಅದು ಅಲ್ಲಲ್ಲಿ ಬಿಡುತ್ತದೆ. ಬಿಟ್ಟ ಕಡೆ ತಾಯಿಯ ರಕ್ತನಾಳ ತೆರೆದುಕೊಳ್ಳುತ್ತದೆ. ನೋವಿಲ್ಲದೆ, ಕೆಂಪಗೆ, ನಿದ್ದೆಯಲ್ಲಿದ್ದಾಗಲೂ ರಕ್ತ ಹೋಗುವುದು ಅದಕ್ಕೇ. 28ನೇ ವಾರದಲ್ಲಿ ಆಗಿದ್ದು ಇದೇ. ಮೊದಲ ಸಲದ ರಕ್ತಸ್ರಾವ ಬಹಳ ಮಂದಿಗೆ ತಾನಾಗಿ ನಿಲ್ಲುತ್ತದೆ. ನಿಂತಿತಲ್ಲ ಅಂತ ಮರೆಯಬಾರದು. ಮುಂದಿನದು ಯಾವಾಗ, ಎಷ್ಟು ಅಂತ ಯಾರೂ ಹೇಳಲಾರರು.

ತುಂಬಿದ ಬಸಿರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ನಾನು ಇದನ್ನು ಹೆದರಿಸುವುದಕ್ಕೆ ಹೇಳುತ್ತಿಲ್ಲ. ಸಿಂಧನೂರಿನಿಂದ ಮಾನ್ವಿ ಮೇಲೆ ರಾಯಚೂರಿಗೆ ಸುಮಾರು ಎರಡು ತಾಸು ಹಿಡಿಯುತ್ತದೆ. ಈ ಎರಡು ಲೆಕ್ಕವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ತಾರೀಖಿನ ವಿಚಾರ ಅರ್ಧ ಅರ್ಥ ಆಗುತ್ತದೆ.

ಇನ್ನರ್ಧ ವಾರಗಳ ಲೆಕ್ಕ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2018ರ ಮಾರ್ಗಸೂಚಿಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಮಾಸು ಬಾಯಿಗೆ ಅಡ್ಡವಿದ್ದವರಲ್ಲಿ ತುರ್ತು ರಕ್ತಸ್ರಾವ ಆಗುವ ಸಂಭವ 35 ವಾರದೊಳಗೆ 100ಕ್ಕೆ ಸುಮಾರು 5. 36ರೊಳಗೆ 15. 37ರೊಳಗೆ 30. 38ರೊಳಗೆ 59. ಕೊನೆಯ ಎರಡು ಸಂಖ್ಯೆಯನ್ನು ಮತ್ತೊಮ್ಮೆ ಓದಿ. 38ರವರೆಗೆ ಕಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆಪರೇಷನ್ ನಾವು ಗೊತ್ತುಮಾಡಿದ ದಿನ ಆಗುವುದಿಲ್ಲ, ರಕ್ತ ಹರಿದ ದಿನ ಆಗುತ್ತದೆ. ಅದು ರಾತ್ರಿ ಎರಡು ಗಂಟೆಗೂ ಆಗಬಹುದು. ಆಗ ಅರಿವಳಿಕೆ ಡಾಕ್ಟರು ಮನೆಯಲ್ಲಿರುತ್ತಾರೆ, ಸರಿಯಾದ ಗುಂಪಿನ ರಕ್ತ ಹುಡುಕಬೇಕಾಗುತ್ತದೆ, ಬರುವಷ್ಟರಲ್ಲೇ ತಾಯಿ ಬಿಳಿಚಿಕೊಂಡಿರುತ್ತಾರೆ. ಹಗಲಲ್ಲಿ, ಎಲ್ಲರೂ ಸಿದ್ಧವಾಗಿದ್ದು ಮಾಡಿದ ಆಪರೇಷನ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಹಾಗಾದರೆ 34ರಲ್ಲೇ ಮಾಡಿಬಿಡಬಾರದೇಕೆ? ಮಗುವಿಗೋಸ್ಕರ. 34 ವಾರದ ಮಗುವಿನ ಶ್ವಾಸಕೋಶ ಇನ್ನೂ ಮಾಗುತ್ತಿರುತ್ತದೆ. ಏದುಸಿರು, ಮೈ ತಣ್ಣಗಾಗುವುದು, ಸಕ್ಕರೆ ಇಳಿಯುವುದು, ಕಾಮಾಲೆ, ಮೊಲೆ ಚೀಪಲು ಶಕ್ತಿ ಸಾಲದಿರುವುದು, ಇವೆಲ್ಲ 36ರ ಮಗುವಿಗಿಂತ 34ರ ಮಗುವಿಗೆ ಜಾಸ್ತಿ. ಒಂದೊಂದು ವಾರವೂ ಮಗುವಿಗೆ ಲಾಭ, ಒಂದೊಂದು ವಾರವೂ ತಾಯಿಗೆ ಅಪಾಯ. ಎರಡೂ ಸಮನಾಗುವ ಜಾಗ ಸುಮಾರು 36ರಿಂದ 37 ವಾರ. ಏನೂ ತೊಂದರೆ ಆಗದ, ಒಮ್ಮೆಯೂ ರಕ್ತ ಹೋಗದ ಬಸಿರಿಗೆ ಅಮೆರಿಕದ ತಜ್ಞರು 36 ವಾರ ತುಂಬಿದ ದಿನದಿಂದ 37 ವಾರ 6 ದಿನದವರೆಗೆ ಅವಕಾಶ ಕೊಡುತ್ತಾರೆ. ಬ್ರಿಟನ್ನಿನವರು 36ರಿಂದ 37 ಅನ್ನುತ್ತಾರೆ. ರಕ್ತ ಹೋಗಿದ್ದರೆ, ಅಥವಾ ಅವಧಿಗೆ ಮುಂಚೆ ಹೆರಿಗೆ ಆಗುವ ಬೇರೆ ಲಕ್ಷಣ ಇದ್ದರೆ, 34 ವಾರದಿಂದ 36 ವಾರ 6 ದಿನದೊಳಗೆ ಯೋಚಿಸಿ ಅನ್ನುತ್ತಾರೆ. ನಿಮ್ಮ ತಂಗಿಗೆ ಈಗಾಗಲೇ ಒಮ್ಮೆ ರಕ್ತ ಹೋಗಿದೆ. ಆದರೆ ಒಂದೇ ಸಲ, ನಿಂತೂ ಇದೆ. ಅದಕ್ಕೇ 36 ತುಂಬಿದ ಮೇಲಿನ ವಾರವನ್ನು ನಾನು ಒಪ್ಪುತ್ತೇನೆ, 37ರ ಆಚೆಗೆ ಒಂದು ದಿನವನ್ನೂ ಒಪ್ಪುವುದಿಲ್ಲ.

ಅತ್ತೆಯವರ ಮಾತಿಗೆ ಬರೋಣ. ನಮ್ಮ ಕಡೆ ಏಳರ ಕೂಸು ಬದುಕುತ್ತದೆ, ಎಂಟರ ಕೂಸು ಬದುಕುವುದಿಲ್ಲ ಅನ್ನುವ ನಂಬಿಕೆ ಹಳೆಯದು. ಅವರು ಮೊಮ್ಮಗುವಿನ ಮೇಲಿನ ಅಕ್ಕರೆಯಿಂದಲೇ ಹೇಳುತ್ತಿದ್ದಾರೆ, ಜಗಳ ಮಾಡಬೇಡಿ. ಆದರೆ ಅದು ನಿಜವಲ್ಲ. ಏಳರಲ್ಲಿ ಹುಟ್ಟಿದ್ದಕ್ಕಿಂತ ಎಂಟರಲ್ಲಿ ಹುಟ್ಟಿದ ಮಗು ಗಟ್ಟಿ, ಎಂಟರದಕ್ಕಿಂತ ಒಂಬತ್ತರದು ಗಟ್ಟಿ, ಅಷ್ಟೇ. ಮತ್ತೆ 36 ವಾರ ಅಂದರೆ ಎಂಟನೇ ತಿಂಗಳೂ ಅಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ 252 ದಿನ. ಎಂಟು ತಿಂಗಳು ಮುಗಿದು ಒಂಬತ್ತನೆಯದು ಶುರುವಾಗಿ ವಾರ ಕಳೆದಿರುತ್ತದೆ. ಕ್ಯಾಲೆಂಡರ್ ತೆಗೆದು ಅವರ ಪಕ್ಕದಲ್ಲೇ ಕೂತು ಎಣಿಸಿ ತೋರಿಸಿ. ಬಹಳ ಮನೆಗಳಲ್ಲಿ ಅಷ್ಟಕ್ಕೇ ಸಮಾಧಾನ ಆಗುತ್ತದೆ.

ಈ ಎಣಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ. 31 ವಾರ ಅನ್ನುವುದು ಎಲ್ಲಿಂದ ಬಂತು ನೋಡಿಕೊಳ್ಳಿ. ಮೂರು ತಿಂಗಳೊಳಗೆ ಮಾಡಿದ ಮೊದಲ ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ಅದೇ ನಂಬಿಕೆಯ ಲೆಕ್ಕ. ಏಳು ಎಂಟು ತಿಂಗಳ ಸ್ಕ್ಯಾನಿಂಗ್‌ನಲ್ಲಿ ಬರೆಯುವ ವಾರ ಎರಡು ಮೂರು ವಾರ ಆಚೀಚೆ ಆಗಬಹುದು. ಹೊಸ ರಿಪೋರ್ಟಿನಲ್ಲಿ ಬೇರೆ ತಾರೀಖು ಕಂಡರೆ ಅದನ್ನು ಹಿಡಿದು ದಿನ ಬದಲಿಸಬೇಡಿ. 36 ಅಂದುಕೊಂಡು 34ರಲ್ಲಿ ಮಗು ತೆಗೆಯುವುದೂ ತಪ್ಪು, 36 ಅಂದುಕೊಂಡು 38ರವರೆಗೆ ಕೂರುವುದೂ ತಪ್ಪು. ಹಳೆ ರಿಪೋರ್ಟುಗಳನ್ನೆಲ್ಲ ತಾಯಿ ಕಾರ್ಡಿನ ಜೊತೆ ಒಂದೇ ಚೀಲದಲ್ಲಿ ಇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಯೋಚನೆಗೆ ಹಚ್ಚಿದ್ದು ನೀವು ಸುಮ್ನೆ ಹಾಗೇ ಬರೆದು ಮುಂದೆ ಹೋದ ಒಂದು ಮಾತು: ಮಾಸು ಮುಂದಿನ ಗೋಡೆಯಲ್ಲಿದೆ. ಹಿಂದಿನ ಸಿಸೇರಿಯನ್ನಿನ ಹೊಲಿಗೆ ಇರುವುದೂ ಮುಂದಿನ ಗೋಡೆಯ ಕೆಳಭಾಗದಲ್ಲೇ. ಹೊಲಿಗೆಯ ಜಾಗದಲ್ಲಿ ಗರ್ಭಕೋಶದ ಒಳಪದರ ಸರಿಯಾಗಿ ಬೆಳೆದಿರುವುದಿಲ್ಲ. ಅಲ್ಲಿ ಕೂತ ಮಾಸು ಕೆಲವರಲ್ಲಿ ನೇರ ಮಾಂಸಕ್ಕೆ ಬೇರು ಬಿಡುತ್ತದೆ. ಒಮ್ಮೊಮ್ಮೆ ಮೂತ್ರಕೋಶದವರೆಗೂ ಹೋಗುತ್ತದೆ. ಇದಕ್ಕೆ ಅಕ್ರೀಟಾ ಅನ್ನುತ್ತೇವೆ. ಮಗು ಹುಟ್ಟಿದ ಮೇಲೆ ಸಾಮಾನ್ಯ ಮಾಸು ತಾನಾಗಿ ಬಿಡುತ್ತದೆ. ಇದು ಬಿಡುವುದಿಲ್ಲ. ಎಳೆದರೆ ರಕ್ತ ನಿಲ್ಲುವುದೇ ಇಲ್ಲ.

ಇದು ಎಷ್ಟು ಮಂದಿಗೆ ಆಗುತ್ತದೆ ಅನ್ನುವುದಕ್ಕೆ ಒಂದು ದೊಡ್ಡ ಅಧ್ಯಯನ ಇದೆ. ಅಮೆರಿಕದಲ್ಲಿ 30,000ಕ್ಕೂ ಹೆಚ್ಚು ಹೆಂಗಸರ ಸಿಸೇರಿಯನ್‌ಗಳನ್ನು ನೋಡಿ 2006ರಲ್ಲಿ ಪ್ರಕಟಿಸಿದ್ದು. ಮಾಸು ಬಾಯಿಗೆ ಅಡ್ಡ ಇದ್ದವರಲ್ಲಿ, ಮೊದಲನೇ ಸಿಸೇರಿಯನ್ ಆಗುತ್ತಿದ್ದರೆ ಅಂಟಿಕೊಂಡಿರುವ ಸಂಭವ 100ಕ್ಕೆ 3. ಎರಡನೆಯದಾದರೆ 11. ಮೂರನೆಯದಾದರೆ 40. ನಾಲ್ಕನೆಯದಾದರೆ 61. ನಿಮ್ಮ ತಂಗಿ ಎರಡನೇ ಸಾಲಿನಲ್ಲಿದ್ದಾರೆ. ಅಂದರೆ ಒಂಬತ್ತು ಮಂದಿಯಲ್ಲಿ ಎಂಟು ಮಂದಿಗೆ ಏನೂ ಇರುವುದಿಲ್ಲ. ಆದರೆ ಆ ಒಬ್ಬರಲ್ಲಿ ಇವರಿದ್ದಾರೋ ಇಲ್ಲವೋ ಅನ್ನುವುದು ಆಪರೇಷನ್ ಟೇಬಲ್ ಮೇಲೆ ಗೊತ್ತಾಗಬಾರದು, ಅದಕ್ಕಿಂತ ವಾರಗಳ ಮೊದಲೇ ಗೊತ್ತಾಗಬೇಕು.

ಹಾಗಾಗಿ 32ನೇ ವಾರದಲ್ಲಿ ಒಂದು ಸ್ಕ್ಯಾನಿಂಗ್ ಆಗಲೇಬೇಕು. ಮಾಮೂಲಿ ಬೆಳವಣಿಗೆ ಸ್ಕ್ಯಾನಿಂಗ್ ಅಲ್ಲ. ಇಂಥ ಕೇಸುಗಳನ್ನು ನೋಡಿ ಅನುಭವ ಇರುವ ರೇಡಿಯಾಲಜಿಸ್ಟ್ ಅಥವಾ ಭ್ರೂಣ ತಜ್ಞರ ಹತ್ತಿರ, ರಕ್ತ ಹರಿಯುವುದನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಜೊತೆಗೆ, ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿಂಗ್. ಒಳಗಿನಿಂದ ಅಂದ ತಕ್ಷಣ ರಕ್ತ ಹೋಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹೆದರಬೇಡಿ. ಆ ಕಡ್ಡಿ ಗರ್ಭಕೋಶದ ಬಾಯಿಯೊಳಗೆ ಹೋಗುವುದಿಲ್ಲ, ದೂರದಲ್ಲೇ ನಿಲ್ಲುತ್ತದೆ. ಮಾಸಿನ ಅಂಚು ಎಲ್ಲಿದೆ ಅಂತ ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್‌ಗಿಂತ ಅದರಲ್ಲೇ ಸರಿಯಾಗಿ ಕಾಣುತ್ತದೆ. ಮಾಡಬಾರದ್ದು ಬೆರಳಿನ ಒಳಪರೀಕ್ಷೆ. ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ, ಯಾರೇ ಕೈ ಹಾಕಿ ನೋಡುತ್ತೇನೆ ಅಂದರೂ, ಮಾಸು ಕೆಳಗಿದೆ ಅಂತ ಮೊದಲೇ ಹೇಳಿ ತಡೆಯಿರಿ. ತಾಯಿ ಕಾರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿಡಿ. ರಾತ್ರಿ ಹೊತ್ತು ಅವಸರದಲ್ಲಿ ನೀವೇ ಮರೆಯಬಹುದು, ಕಾರ್ಡು ಮರೆಯುವುದಿಲ್ಲ.

ಅದೇ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಕೊರಳಿನ ಉದ್ದ ಅಳೆಯಿರಿ ಅಂತ ಕೇಳಿ. 34 ವಾರಕ್ಕೆ ಮುಂಚೆಯೇ ಅದು ಗಿಡ್ಡವಾಗಿದ್ದರೆ ಅವಸರದ ಆಪರೇಷನ್ನಿನ ಸಂಭವ ಹೆಚ್ಚು. ಆಗ ಆಪರೇಷನ್ ದಿನವನ್ನು ಇನ್ನೂ ಮುಂಚೆಗೆ ತಂದುಕೊಳ್ಳಬೇಕಾಗುತ್ತದೆ. ಮಾಸು ಮೇಲೆ ಸರಿದುಬಿಡಬಹುದಾ ಅಂತಲೂ ನೀವು ಕೇಳಬಹುದು. ಐದನೇ ತಿಂಗಳಲ್ಲಿ ಕೆಳಗಿದ್ದ ಮಾಸು ಬಹುಪಾಲು ಹೆಂಗಸರಲ್ಲಿ ಹೆರಿಗೆಯ ಹೊತ್ತಿಗೆ ಮೇಲೆ ಹೋಗಿರುತ್ತದೆ. ಆದರೆ 31ರಲ್ಲೂ ಪೂರ್ತಿ ಮುಚ್ಚಿಕೊಂಡಿದ್ದು, ಜೊತೆಗೆ ಹಳೆ ಸಿಸೇರಿಯನ್ ಇದ್ದರೆ ಆ ಆಸೆ ಕಡಿಮೆ. ಆಸೆ ಇಟ್ಟುಕೊಳ್ಳಿ, ಅದನ್ನು ನಂಬಿ ಸಿದ್ಧತೆ ನಿಲ್ಲಿಸಬೇಡಿ.

ಅಂಟಿಕೊಂಡಿರುವ ಲಕ್ಷಣ ಕಂಡರೆ? ಆಗ ಆಪರೇಷನ್ 34ರಿಂದ 36 ವಾರದ ನಡುವೆ ಆಗುತ್ತದೆ. ಬಹಳಷ್ಟು ಸಲ ಮಗುವನ್ನು ತೆಗೆದು, ಮಾಸನ್ನು ಮುಟ್ಟದೆ, ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಕೇಳುವುದಕ್ಕೇ ಕಷ್ಟ, 27 ವರ್ಷದ ಹೆಣ್ಣುಮಗಳಿಗೆ ಹೇಳುವುದಕ್ಕೂ ಕಷ್ಟ. ಆದರೂ ಮೊದಲೇ ಕೂರಿಸಿಕೊಂಡು ಹೇಳಬೇಕು. ಗಂಡನಿಗೊಬ್ಬನಿಗೇ ಅಲ್ಲ, ಗಂಡ ಹೆಂಡತಿ ಇಬ್ಬರನ್ನೂ ಜೊತೆಗೆ ಕೂರಿಸಿ. ಮೈ ನಿಮ್ಮ ತಂಗಿಯದ್ದು. ಅಂಥ ಆಪರೇಷನ್‌ಗೆ ರಕ್ತನಿಧಿ, ಐಸಿಯು, ಮೂತ್ರಕೋಶದ ಸರ್ಜನ್, ಒಬ್ಬರಿಗಿಂತ ಹೆಚ್ಚು ಹಿರಿಯ ಪ್ರಸೂತಿ ತಜ್ಞರು, ನವಜಾತ ಶಿಶು ಘಟಕ ಎಲ್ಲ ಒಂದೇ ಸೂರಿನಡಿ ಬೇಕು. ರಾಯಚೂರಿನ ರಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜು, ಕೊಪ್ಪಳದ ಮೆಡಿಕಲ್ ಕಾಲೇಜು, ಯಾವುದಕ್ಕೇ ಹೋಗಿ, ಇಂಥ ಕೇಸನ್ನು ಇಲ್ಲೇ ಮಾಡುತ್ತೀರಾ, ಬೆಂಗಳೂರಿಗೋ ಹೈದರಾಬಾದಿಗೋ ಕಳಿಸುತ್ತೀರಾ ಅಂತ ನೇರವಾಗಿ ಕೇಳಿ. ಕಳಿಸುವುದಾದರೆ 33ನೇ ವಾರದಲ್ಲಿ ಕಳಿಸಲಿ, ರಕ್ತ ಹರಿಯುವಾಗ ಅಲ್ಲ. ಹೀಗೆ ಕೇಳಿದರೆ ಯಾವ ಒಳ್ಳೆ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ತವರಿನ ಮಾತು. ಕುಬಸ ಮಾಡಿ, ಖಂಡಿತ ಮಾಡಿ. ಆದರೆ ಸಿಂಧನೂರಿನಲ್ಲೇ, ಮನೆಯ ಮಟ್ಟಿಗೆ ಮಾಡಿ. ಹಳ್ಳಿಗೆ ಕರೆದುಕೊಂಡು ಹೋಗುವುದು ಈ ಸಲ ಬೇಡ. ಅವ್ವನ ಕೈಯ ಊಟ, ಅವ್ವನ ಹತ್ತಿರ ಮಲಗುವ ಸಮಾಧಾನ ಬಸುರಿಗೆ ಎಷ್ಟು ಬೇಕು ಅಂತ ನನಗೆ ಗೊತ್ತು. ಅದಕ್ಕೇ ಹೇಳುತ್ತೇನೆ, ಮಗಳು ತವರಿಗೆ ಹೋಗುವ ಬದಲು ಅವ್ವ ಮಗಳ ಹತ್ತಿರ ಬರಲಿ. 34ನೇ ವಾರ ಶುರುವಾದ ಮೇಲೆ ಸಿಂಧನೂರೂ ದೂರವೇ. ರಾಯಚೂರಿನಲ್ಲಿ ನೆಂಟರ ಮನೆ ಇದ್ದರೆ ಅಲ್ಲಿ, ಇಲ್ಲವಾದರೆ ಎರಡು ಮೂರು ವಾರಕ್ಕೆ ಒಂದು ಬಾಡಿಗೆ ರೂಮಿನಲ್ಲಿ, ಆಸ್ಪತ್ರೆಗೆ ಅರ್ಧ ತಾಸಿನೊಳಗೆ ತಲುಪುವಂತೆ ಇರಲಿ. ಅದೂ ಆಗದಿದ್ದರೆ ಅಡ್ಮಿಟ್ ಮಾಡಿಕೊಳ್ಳಿ ಅಂತ ಕೇಳಿ. ಮನೆಯಲ್ಲಿರಬಹುದೋ ಅಡ್ಮಿಟ್ ಆಗಬೇಕೋ ಅನ್ನುವುದನ್ನು ರಕ್ತ ಹೋಗಿದೆಯಾ, ಮನೆ ಎಷ್ಟು ದೂರ, ಗಾಡಿ ಸಿಗುತ್ತದಾ, ಮೈಯಲ್ಲಿ ರಕ್ತ ಎಷ್ಟಿದೆ ಅನ್ನುವುದರ ಮೇಲೆ ತೀರ್ಮಾನಿಸಿ ಅಂತ ಬ್ರಿಟನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ಆಂಬುಲೆನ್ಸ್ ಬೇಗ ಬರುವ ದೇಶದಲ್ಲೇ ದೂರವನ್ನು ಹೀಗೆ ಲೆಕ್ಕಕ್ಕೆ ಹಿಡಿದಿದ್ದಾರೆ. ನಮ್ಮ ರಸ್ತೆಗಳಲ್ಲಿ ಅದನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ಎರಡು ತಾಸು ದೂರದಲ್ಲಿ ಕೂತು 36ರವರೆಗೆ ಕಾಯುವುದಕ್ಕೂ, ಆಸ್ಪತ್ರೆಯ ಮಗ್ಗುಲಲ್ಲಿ ಕಾಯುವುದಕ್ಕೂ ಅಪಾಯ ಒಂದೇ ಅಲ್ಲ. ಹತ್ತಿರ ಇರಲು ಸಾಧ್ಯವೇ ಇಲ್ಲ ಅನ್ನುವ ಮನೆಗೆ ನಾನಾದರೆ 36ರವರೆಗೂ ಕಾಯಲು ಒಪ್ಪುವುದಿಲ್ಲ.

ಪೂರ್ತಿ ಹಾಸಿಗೆ ಹಿಡಿದು ಮಲಗಬೇಕಾ ಅಂತ ಹಲವರು ಕೇಳುತ್ತಾರೆ. ಬೇಡ. ಮಲಗಿದ್ದರೆ ರಕ್ತಸ್ರಾವ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ಮೇಲಾಗಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ಮನೆಯೊಳಗೆ ಓಡಾಡಲಿ. ಕೊಡ ಹೊರುವುದು, ಗದ್ದೆ ಕೆಲಸ, ಬೈಕಿನ ಮೇಲೆ ಕೂತು ಹೋಗುವುದು, ಗಂಡ ಹೆಂಡತಿ ಸೇರುವುದು ಬೇಡ.

ರಕ್ತದ ಸಿದ್ಧತೆ ಇವತ್ತಿನಿಂದಲೇ ಶುರುವಾಗಲಿ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೀವು ಬರೆದಿಲ್ಲ. ಇದನ್ನು ಬಿಟ್ಟು ಬೇರೆಲ್ಲ ಕೇಳುವ ಮನೆಗಳೇ ನಮ್ಮಲ್ಲಿ ಜಾಸ್ತಿ. ಬಸುರಿಯಲ್ಲಿ ಅದು 11 ಅಥವಾ ಅದಕ್ಕಿಂತ ಮೇಲಿರಬೇಕು. 8 ಇರುವ ಹೆಂಗಸು ಒಂದು ಲೀಟರ್ ರಕ್ತ ಕಳೆದುಕೊಳ್ಳುವುದಕ್ಕೂ 12 ಇರುವವರು ಕಳೆದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಆಪರೇಷನ್‌ಗೆ ಇನ್ನೂ ಐದು ವಾರ ಇದೆ, ಇದು ಒಳ್ಳೆ ಸಮಯ. ಕಡಿಮೆ ಇದ್ದರೆ ಮಾತ್ರೆಯನ್ನೇ ನಂಬಿ ಕೂರದೆ, ನರದ ಮೂಲಕ ಕೊಡುವ ಕಬ್ಬಿಣದ ಇಂಜೆಕ್ಷನ್ ಕೇಳಿ. ಅದು ಕೆಲಸ ಮಾಡಲು ಎರಡು ಮೂರು ವಾರ ಬೇಕು. 35ರಲ್ಲಿ ಎಚ್ಚರಾದರೆ ತಡವಾಗುತ್ತದೆ. ಮಾತ್ರೆ ತೆಗೆದುಕೊಳ್ಳುವಾಗ ಚಹಾದ ಜೊತೆ ಬೇಡ, ಚಹಾ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ.

ರಕ್ತದ ಗುಂಪು ಯಾವುದು ಅಂತ ನೋಡಿಕೊಳ್ಳಿ. ನೆಗೆಟಿವ್ ಗುಂಪಾದರೆ ಎರಡು ಕೆಲಸ ಹೆಚ್ಚು. ಒಂದು, ಗಂಡ ಪಾಸಿಟಿವ್ ಇದ್ದರೆ ರಕ್ತ ಹೋದಾಗ ಆಂಟಿ-ಡಿ ಇಂಜೆಕ್ಷನ್ (ಮಗುವಿನ ರಕ್ತದ ವಿರುದ್ಧ ತಾಯಿಯ ಮೈ ತಿರುಗದಂತೆ ತಡೆಯುವುದು) ಬೇಕಾಗುತ್ತದೆ, 28ನೇ ವಾರದಲ್ಲಿ ಕೊಟ್ಟಿದ್ದಾರಾ ಕೇಳಿ. ಎರಡು, ಆ ಗುಂಪಿನ ರಕ್ತ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಯಾವ ಗುಂಪೇ ಇರಲಿ, ರಕ್ತ ಕೊಡಬಲ್ಲ ನಾಲ್ಕಾರು ಜನರ ಹೆಸರು, ಫೋನ್ ನಂಬರ್ ಈಗಲೇ ಬರೆದಿಡಿ. ಮನೆಯ ಗಂಡಸರು ಹಿಂದೆ ಸರಿಯುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ರಕ್ತ ಕೊಟ್ಟರೆ ದುಡಿಯುವ ಶಕ್ತಿ ಹೋಗುತ್ತದೆ ಅನ್ನುವ ಭಯ. ಹೋಗುವುದಿಲ್ಲ. ಇದನ್ನು ತಂಗಿಯ ಗಂಡನಿಗೆ ನೀವೇ ಹೇಳಿ, ಅಕ್ಕನ ಮಾತಿಗೆ ಬೆಲೆ ಇರುತ್ತದೆ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. ಆಶಾ ಕಾರ್ಯಕರ್ತೆಗೆ ಇದು ಅಪಾಯದ ಬಸಿರು ಅಂತ ತಿಳಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ತಜ್ಞರ ತಪಾಸಣೆ ಇರುತ್ತದೆ.

ಸರ್ಕಾರಿ ಆಸ್ಪತ್ರೆ ಅಂದರೆ ನಿಮ್ಮ ಮನೆಯಲ್ಲಿ ಭಯ ಇರಬಹುದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡದ್ದನ್ನು ಈ ಭಾಗದ ಯಾವ ಹೆಣ್ಣೂ ಮರೆತಿಲ್ಲ. ಆಗ ನರಕ್ಕೆ ಹಾಕುವ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ತಾಯಂದಿರ ಸಾವಿನ ನೋವು ನನಗೂ ಇದೆ, ಭಯ ಪಡುವುದು ತಪ್ಪು ಅಂತ ನಾನು ಹೇಳಲಾರೆ. ಆದರೆ ಆ ಭಯದಿಂದ ರಕ್ತನಿಧಿ ಇಲ್ಲದ ಸಣ್ಣ ನರ್ಸಿಂಗ್ ಹೋಂಗೆ ಹೋಗುವುದು ಈ ಕಾಯಿಲೆಗೆ ಸರಿಯಾದ ದಾರಿ ಅಲ್ಲ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಕೇಳಬೇಕಾದ್ದು ಒಂದೇ: ರಾತ್ರಿ ಹೊತ್ತೂ ರಕ್ತ, ಅರಿವಳಿಕೆ ಡಾಕ್ಟರು, ಮಗುವಿನ ಡಾಕ್ಟರು ಇಲ್ಲೇ ಸಿಗುತ್ತಾರಾ?

ಮುಹೂರ್ತದ ಬಗ್ಗೆ. ನಾನು ಅದಕ್ಕೆ ಅಡ್ಡಿ ಹೇಳುವವಳಲ್ಲ. 36 ವಾರ ತುಂಬಿದ ದಿನದಿಂದ 36 ವಾರ 6 ದಿನದವರೆಗಿನ ತಾರೀಖುಗಳನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಭಾನುವಾರ, ರಜೆಯ ದಿನ ತೆಗೆಯಿರಿ. ಉಳಿದ ದಿನಗಳ ಬೆಳಗಿನ ಹೊತ್ತಿನಲ್ಲಿ ಯಾವುದು ಒಳ್ಳೆಯದು ಅಂತ ಜ್ಯೋತಿಷಿಗಳನ್ನು ಕೇಳಿ. ಅದರೊಳಗೆ ಅಮಾವಾಸ್ಯೆ ಬಂದರೆ ಆ ಒಂದು ದಿನ ಬಿಡಿ. ಇಡೀ ವಾರವೇ ಸರಿ ಇಲ್ಲ ಅಂದರೆ ಮಾತ್ರ ಜ್ಯೋತಿಷಿಗಳ ಮಾತು ಪಕ್ಕಕ್ಕಿಡಿ. ಮತ್ತೆ ನಡುವೆ ರಕ್ತ ಹೋಗಿ ಡಾಕ್ಟರು ಈಗಲೇ ಅಂದರೆ, ಆ ಗಳಿಗೆಯೇ ಮುಹೂರ್ತ.

ಮನೆಯಲ್ಲಿದ್ದಾಗ ರಕ್ತ ಕಂಡರೆ ಏನು ಮಾಡಬೇಕು ಅಂತ ಎಲ್ಲರಿಗೂ ಬಾಯಿಪಾಠ ಆಗಿರಲಿ. ಸ್ವಲ್ಪ ಇದೆ, ಬೆಳಗಾಗಲಿ ಅನ್ನಬೇಡಿ. ಎಡ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮಾಸು ಕೆಳಗಿದೆ, ರಕ್ತ ಹೋಗುತ್ತಿದೆ ಅಂತ ಎರಡು ಮಾತಲ್ಲಿ ಹೇಳಿ. ಬಟ್ಟೆ, ಪ್ಯಾಡ್ ಬಿಸಾಡಬೇಡಿ, ಎಷ್ಟು ಹೋಗಿದೆ ಅಂತ ಡಾಕ್ಟರಿಗೆ ಅದರಿಂದಲೇ ಗೊತ್ತಾಗುವುದು. ಊಟ, ಚಹಾ ಕೊಡಬೇಡಿ, ಆಪರೇಷನ್ ಆಗಬಹುದು. ರಿಪೋರ್ಟಿನ ಚೀಲ ತೆಗೆದುಕೊಳ್ಳಿ. ರಾಯಚೂರಿನಲ್ಲಿ ಇದ್ದಾಗ ನೇರ ಗೊತ್ತುಮಾಡಿದ ಆಸ್ಪತ್ರೆಗೇ ಹೋಗಿ. ಸಿಂಧನೂರಿನಲ್ಲೇ ಇನ್ನೂ ಇರುವಾಗ ಜೋರಾಗಿ ಹೋದರೆ ಮೊದಲು ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ನರಕ್ಕೆ ಸೂಜಿ ಹಾಕಿಸಿ, ತಾಯಿಯನ್ನು ಸ್ಥಿರಕ್ಕೆ ತಂದು, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿಯೇ ಹೊರಡಿ. ಹೊಟ್ಟೆ ಗಟ್ಟಿಯಾಗಿ ನೋವು ಬರುತ್ತಿದ್ದರೆ ರಕ್ತ ಕಾಣದಿದ್ದರೂ ಹೋಗಲೇಬೇಕು.

ಅವಧಿಗೆ ಮುಂಚೆ ಹೆರಿಗೆ ಆಗುವ ಲಕ್ಷಣ ಕಂಡಾಗ ಮಗುವಿನ ಶ್ವಾಸಕೋಶಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್, 12 ತಾಸಿಗೊಂದರಂತೆ ನಾಲ್ಕು. ಸುರಕ್ಷಿತವಾದದ್ದು, ಬೇಡ ಅನ್ನಬೇಡಿ. ಆದರೆ ಕೊಟ್ಟ ಮೊದಲ ವಾರದಲ್ಲೇ ಅದರ ಲಾಭ ಜಾಸ್ತಿ. ಹಾಗಾಗಿ ಯಾವಾಗ ಕೊಡಬೇಕು ಅನ್ನುವುದನ್ನು ಡಾಕ್ಟರಿಗೇ ಬಿಡಿ, ಮುಂಚೆಯೇ ಹಾಕಿಸಿಕೊಂಡರೆ ಒಳ್ಳೆಯದು ಅಂತ ಒತ್ತಾಯ ಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ, ಇದರಿಂದ ಸಕ್ಕರೆ ಏರುತ್ತದೆ.

ಮಗು ಹುಟ್ಟಿದ ಮೇಲೂ ಈ ಕೇಸಿನಲ್ಲಿ ರಕ್ತ ಜಾಸ್ತಿ ಹೋಗಬಹುದು. ಗರ್ಭಕೋಶದ ಕೆಳಭಾಗದಲ್ಲಿ ಮಾಂಸ ಕಡಿಮೆ, ಅದು ಮುದುಡಿ ರಕ್ತನಾಳ ಬಿಗಿಯುವುದು ನಿಧಾನ. ಅದಕ್ಕೆ ಔಷಧಿ, ಬಲೂನು, ವಿಶೇಷ ಹೊಲಿಗೆ ಎಲ್ಲ ಇವೆ. ಆಪರೇಷನ್ ಒಪ್ಪಿಗೆ ಪತ್ರದಲ್ಲಿ ರಕ್ತ ಹಾಕುವುದು, ಅನಿವಾರ್ಯವಾದರೆ ಗರ್ಭಕೋಶ ತೆಗೆಯುವುದು ಅಂತ ಬರೆದಿರುತ್ತಾರೆ. ಅದನ್ನು ನೋಡಿ ಗಾಬರಿಯಾಗಬೇಡಿ. ಎಲ್ಲರಿಗೂ ಆಗುತ್ತದೆ ಅಂತಲ್ಲ, ಆಗ ನಿಂತು ಕೇಳುವ ಸಮಯ ಇರುವುದಿಲ್ಲ ಅಂತ. ಮಕ್ಕಳು ಸಾಕು ಅನ್ನುವುದಾದರೆ ಅದೇ ಆಪರೇಷನ್‌ನಲ್ಲಿ ಸಂತಾನಶಕ್ತಿ ಹರಣ ಮಾಡಿಸುವ ಮಾತನ್ನೂ ಈಗಲೇ ಆಡಿ. ಮೂರನೇ ಸಿಸೇರಿಯನ್‌ಗೆ ಮಾಸು ಮತ್ತೆ ಅಡ್ಡ ಬಂದರೆ ಏನಾಗುತ್ತದೆ ಅಂತ ಮೇಲಿನ ಸಂಖ್ಯೆಯಲ್ಲೇ ಇದೆ. ತೀರ್ಮಾನ ನಿಮ್ಮ ತಂಗಿಯದು.

ಮುಂದಿನ ವಾರದ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದಾಗ ಮೂರು ವಿಷಯ ಬರೆದಿದ್ದಾರಾ ನೋಡಿ. ಮಾಸಿನ ಅಂಚು ಗರ್ಭಕೋಶದ ಬಾಯಿಂದ ಎಷ್ಟು ಮಿಲಿಮೀಟರ್, ಅಥವಾ ಬಾಯಿಯನ್ನು ದಾಟಿ ಎಷ್ಟು ಹೋಗಿದೆ. ಹಳೆ ಹೊಲಿಗೆಯ ಜಾಗದಲ್ಲಿ ಅಂಟಿಕೊಂಡಿರುವ ಲಕ್ಷಣ ಇದೆಯಾ ಇಲ್ಲವಾ. ಕೊರಳಿನ ಉದ್ದ ಎಷ್ಟು. ಈ ಮೂರರಲ್ಲಿ ಒಂದು ಬಿಟ್ಟುಹೋಗಿದ್ದರೂ ಅಲ್ಲೇ ನಿಂತು ಬರೆಸಿಕೊಳ್ಳಿ. ಆ ರಿಪೋರ್ಟು ಮತ್ತು ಹಿಮೋಗ್ಲೋಬಿನ್ ಸಂಖ್ಯೆ ಹಿಡಿದುಕೊಂಡು ರಾಯಚೂರಿನ ಡಾಕ್ಟರ ಹತ್ತಿರ ಹೋಗಿ. ತಂಗಿ, ತಂಗಿಯ ಗಂಡ, ಅತ್ತೆ, ಅವ್ವ ಎಲ್ಲರೂ ಒಟ್ಟಿಗೆ ಹೋಗಿ. ತಾರೀಖನ್ನು ಅವರ ಮುಂದೆಯೇ ತಾಯಿ ಕಾರ್ಡಿನಲ್ಲಿ ಬರೆಸಿ.